ಹನ್ನೊಂದು ಪುಟದ ಪತ್ರ

ಕಂಪ್ಯೂಟರ್ ಪೆಟ್ಟಿಗೆಯ ಹಿಂದುಮುಂದೆಲ್ಲ ಒರೆಸಿಯಾಗಿ ಈಗ ಬಟ್ಟೆಯ ಮೂಲೆಯನ್ನು ಬೆರಳಿಗೆ ಸುತ್ತಿ ಕೀಲಿಗಳ ಸಂದಿಯ ಧೂಳು ತೆಗೆಯುತ್ತ ಇನ್ನೊಂದು ಕೈಯಿಂದ ಗುಂಡಿ ಒತ್ತಿದೆ, ಹಸಿರು ದೀಪ ಬರಲಿಲ್ಲ, ಮತ್ತೆ ಒತ್ತಿದೆ, ಒಳಗಿನ ಫ್ಯಾನು ಗುಂಯ್ ಅನ್ನಲಿಲ್ಲ, ಪರದೆಯ ಅಂಚಿನ ಹಳದಿ ಚುಕ್ಕೆ ಮಾತ್ರ ಕಣ್ಣು ಮಿಟುಕಿಸುತ್ತಿದೆ, ಬೆಳಿಗ್ಗೆ ನೆಟ್ಟಗಿತ್ತಲ್ಲ, ಪತ್ರದ ಕೊನೆಯ ಸಾಲು ತಿದ್ದಿ ಮುಚ್ಚಿದವಳು ನಾನೇ ಅಲ್ಲವೇ, ಗಂಟೆ ನಾಲ್ಕಾಗುತ್ತ ಬಂತು, ಐದಕ್ಕೆ ತಂಗಿಯನ್ನು ಒಳಗೆ ಕರೆದೊಯ್ಯುತ್ತಾರೆ, ಆಸ್ಪತ್ರೆಯಿಂದ ಅವಳ ಮಗಳು ಫೋನು ಮಾಡಿದ್ದಳು, ದೊಡ್ಡಮ್ಮ, ಎದೆ ಆಪರೇಷನ್ನು, ಉಳಿಯೋದು ಅರ್ಧಕ್ಕರ್ಧ ಅಂತಾರೆ ಡಾಕ್ಟ್ರು, ಅಮ್ಮ ಫೋನಲ್ಲಿ ನಿಮ್ಮ ಹತ್ರ ಮಾತಾಡಲ್ಲ ಅಂತ ಹಟ ಹಿಡಿದವ್ಳೆ, ಏನಿದ್ರೂ ಬರೆದು ಕಳಿಸಿ, ನನ್ನ ಮೊಬೈಲಲ್ಲಿ ತೋರಿಸ್ತೀನಿ, ಓದೋದಂತೂ ಓದ್ತಾಳೆ — ಅಂದಳು, ಬರೆದದ್ದೇನೋ ಇದೆ, ಎರಡು ವರ್ಷದಿಂದ ಒಂದೇ ಬೆರಳಲ್ಲಿ ಕುಟ್ಟಿದ ಹನ್ನೊಂದು ಪುಟ, ನಾಳೆ ಕಳಿಸೋಣ ನಾಳಿದ್ದು ಕಳಿಸೋಣ ಅಂತ ಇಟ್ಟುಕೊಂಡದ್ದು, ಈಗ ಈ ಸತ್ತ ಪೆಟ್ಟಿಗೆಯ ಹೊಟ್ಟೆಯೊಳಗೆ ಕೂತಿದೆ, ಮಗಳೇ ನೀನೇ ಹೇಳಿಬಿಡು ಅನ್ನಬಹುದಿತ್ತು, ಬೇಡ, ಇನ್ನೊಬ್ಬರ ಕೈಯಲ್ಲಿ ಬರೆಸಿ ಇನ್ನೊಬ್ಬರ ಬಾಯಲ್ಲಿ ಓದಿಸಿಯೇ ಅಲ್ಲವೇ ಮನೆ ಮುರಿದದ್ದು.

ಅವಸರ ಬೇಡ, ಸಿಕ್ಕಾದ ದಾರ ಎಳೆದರೆ ಗಂಟು ಬಿಗಿಯುತ್ತದೆ, ಮೂವತ್ತು ವರ್ಷ ಹೊಲಿಗೆ ಕಾರ್ಖಾನೆಯಲ್ಲಿ ಕಲಿತದ್ದು ಅದೇ, ಗೋಡೆಯ ಸ್ವಿಚ್ಚಿಗೆ ಮೇಜಿನ ದೀಪ ಹಾಕಿ ನೋಡಿದೆ, ಉರಿಯಿತು, ಕರೆಂಟಿದೆ, ವೈರು ಕಿತ್ತು ಮತ್ತೆ ಒತ್ತಿ ಕೂರಿಸಿದೆ, ಇಲ್ಲ, ರಿಪೇರಿ ಅಂಗಡಿಯವಳಿಗೆ ಫೋನು ಹಚ್ಚಿದೆ, ವೈರು ಕಿತ್ತಿಟ್ಟು ಗುಂಡೀನ ಮೂವತ್ತು ಎಣಿಸೋ ತನಕ ಅದುಮಿ ಹಿಡೀರಿ ಅಜ್ಜಿ, ಬೇಗ ಬೇಗ ಎಣಿಸ್ಬೇಡಿ ಮತ್ತೆ, ಕೋಪ ಇಳಿಯುತ್ತೆ ಅದಕ್ಕೆ ಅಂದಳು — ಒಂದು, ಎರಡು, ಕಾರ್ಖಾನೆ ಗೇಟಿನ ಗುಮಾಸ್ತ ರಜೆಯಲ್ಲಿದ್ದ ದಿನಗಳನ್ನೂ ಹೀಗೇ ಎಣಿಸಿದ್ದೆ, ಊರಿಗೆ ಹೋಗುತ್ತಿದ್ದ ನನ್ನ ಕಾಗದಗಳನ್ನೆಲ್ಲ ಬರೆಯುತ್ತಿದ್ದವನು ಅವನು, ನಾನೇ ಬರೆದದ್ದು ಅಂತ ಮನೆಯವರಿಗೆ ಹೇಳಿದ್ದೆ, ಅಕ್ಕನ ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಅಂತ ತಂಗಿ ಊರೆಲ್ಲ ತೋರಿಸುತ್ತಿದ್ದಳಂತೆ, ನನ್ನ ಮಿಷಿನ್ನು ಸಾಲಿನ ಹೆಂಗಸರೂ ನನಗೆ ಓದು ಬರುತ್ತದೆಂದೇ ನಂಬಿದ್ದರು, ಹಾಗಾಗಿ ತಂಗಿಯ ಕಾಗದ ಬಂದಾಗ ಯಾರ ಮುಂದೆ ಹಿಡಿಯಲಿ, ಊಟದ ಡಬ್ಬಿಯ ಅಡಿಯಲ್ಲಿಟ್ಟೆ, ಒಂಬತ್ತು ದಿನ, ಹತ್ತನೆಯ ದಿನ ಗುಮಾಸ್ತ ಬಂದು ಓದಿದ, ಅಮ್ಮ ಹಾಸಿಗೆ ಹಿಡಿದಿದಾಳೆ, ನಿನ್ನನ್ನೇ ಕೇಳ್ತಾಳೆ, ಬೇಗ ಬಾ ಅಕ್ಕ, ಓಡಿದೆ, ಅಮ್ಮನ ಹಾಸಿಗೆ ಸುತ್ತಿ ಮೂಲೆಗಿಟ್ಟಾಗಿತ್ತು, ಬಾಗಿಲಲ್ಲೇ ನಿಂತು ತಂಗಿ ಕೇಳಿದಳು, ಓದಿಯೂ ಸುಮ್ಮನಿದ್ದೆಯಲ್ಲೇ, ನಿನ್ನ ಎದೆ ಏನು ಕಲ್ಲಾ, ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ, ಕಲ್ಲೆದೆಯವಳು ಅನ್ನಿಸಿಕೊಂಡರೂ ಸರಿ, ಅಕ್ಷರ ಬಾರದ ಸುಳ್ಳಿ ಅನ್ನಿಸಿಕೊಳ್ಳಬಾರದು — ಇಪ್ಪತ್ತೊಂಬತ್ತು, ಮೂವತ್ತು, ಆ ಮುಂದಿನ ತಿಂಗಳೇ ರಾತ್ರಿ ಶಾಲೆಗೆ ಸೇರಿದೆ, ನನ್ನ ಮಕ್ಕಳ ವಯಸ್ಸಿನ ಮೇಡಂ ಕೈಹಿಡಿದು ತಿದ್ದಿಸಿದಳು, ನಾನೇ ಕೂಡಿಸಿಕೊಂಡು ಓದಿದ ಮೊದಲ ಕಾಗದ ತಂಗಿಯ ಅದೇ ಕಾಗದ, ಬೇ, ಗ, ಬಾ.

ವೈರು ಮತ್ತೆ ಸಿಕ್ಕಿಸಿ ಗುಂಡಿ ಒತ್ತಿದೆ, ಬರಲಿಲ್ಲ ಕಣಮ್ಮ, ಸತ್ತೇಹೋಗಿದೆ ಅಂದೆ, ಅಜ್ಜಿ, ಪೆಟ್ಟಿಗೆ ಹಿಂದ್ಗಡೆ ವೈರು ಸಿಕ್ಕಿಸ್ತೀರಲ್ಲ, ಅದರ ಪಕ್ಕ ಒಂದು ಚಿಕ್ಕ ಸ್ವಿಚ್ಚಿದೆ ನೋಡಿ, ಸೊನ್ನೆ ಕಡೆ ಒತ್ತಿದೆಯಾ ಗೀಟಿನ ಕಡೆಯಾ, ಕನ್ನಡಕ ಏರಿಸಿ ಬಗ್ಗಿದೆ, ಸೊನ್ನೆ, ಯಾರು ಮುಟ್ಟಿದ್ರು ಅದನ್ನ, ಮನೇಲಿ ಇನ್ಯಾರಿದಾರೆ ಅಂತ ನಗುತ್ತಾಳೆ, ಯಾರೂ ಇಲ್ಲವಮ್ಮ, ನನ್ನ ಕೈಯೇ, ಹೊಲಿಗೆ ಮಿಷಿನ್ನು ಒರೆಸುವ ಮೊದಲು ಹಿಂದಿನ ಸ್ವಿಚ್ಚು ಆರಿಸು, ಇಲ್ಲಾಂದ್ರೆ ಬೆರಳು ಹೋಗುತ್ತೆ ಅಂತ ಕಾರ್ಖಾನೆಯ ಮೇಸ್ತ್ರಿ ಬೈದು ಬೈದು ಕಲಿಸಿದ ಕೈ, ಕೆಲಸ ಬಿಟ್ಟು ಇಷ್ಟು ವರ್ಷವಾದರೂ ತಾನೇ ಹೋಗಿ ಆರಿಸಿಬಂದಿದೆ, ಇಲ್ಲ, ಇವತ್ತೇ ಯಾಕೆ ಒರೆಸಲು ಕೂತೆ, ತಿಂಗಳಿಂದ ಕಾಣದ ಧೂಳು ಇವತ್ತೇ ಕಂಡಿತೇ, ಸ್ವಿಚ್ಚನ್ನು ಗೀಟಿನ ಕಡೆ ಮಾಡಿ ಗುಂಡಿ ಒತ್ತಿದೆ, ಗುಂಯ್, ಹಸಿರು, ನಾಲ್ಕು ನಲವತ್ತು, ಪತ್ರ ತೆರೆಯಿತು, ಸುಮ್ಮನೆ ಕಳಿಸಿಬಿಡು, ಓದಬೇಡ, ಓದಿದೆ — ಮೇಸ್ತ್ರಿ ರಜೆ ಕೊಡಲಿಲ್ಲ, ಬಸ್ಸು ತಪ್ಪಿತು, ಕಾಗದ ತಡವಾಗಿ ಸಿಕ್ಕಿತು, ಮೈಗೆ ಹುಷಾರಿರಲಿಲ್ಲ, ಒಂದಕ್ಕೊಂದು ತೇಪೆ ಹಾಕಿದ ಹನ್ನೊಂದು ಪುಟ, ಒಂದರಲ್ಲೂ ಆ ಒಂದು ಮಾತಿಲ್ಲ, ಅವಳು ಇದನ್ನು ಎದೆಯ ಮೇಲಿಟ್ಟುಕೊಂಡು ಒಳಗೆ ಹೋಗಬೇಕೇ, ಮೊದಲಿಂದ ಕೊನೆಯವರೆಗೂ ಹಿಡಿದು ಅಳಿಸಿದೆ, ಒಂದೇ ಗುಂಡಿ, ಎರಡು ವರ್ಷ ಹೋಯಿತು, ನಾಲ್ಕು ಐವತ್ತೊಂದು, ಬೆರಳು ಕೀಲಿ ಹುಡುಕುತ್ತದೆ, ತಂಗೀ, ಆಗ ನನಗೆ ಓದಲು ಬರುತ್ತಿರಲಿಲ್ಲ, ಹೇಳಲು ನಾಚಿಕೆಯಾಯಿತು, ಅಷ್ಟೇ, ಅಕ್ಕ ಅಂತ ಸೇರಿಸಲೋ ಬೇಡವೋ, ಅವಳು ಒಪ್ಪುತ್ತಾಳೋ ಇಲ್ಲವೋ, ಬೇಡ, ಕಳಿಸು, ಒತ್ತಿದೆ, ಹೋಯಿತು, ಖಾಲಿ ಬಿಳಿ ಪರದೆ, ಅದರ ಎಡತುದಿಯಲ್ಲಿ ಸಣ್ಣ ಕಪ್ಪು ಗೆರೆ, ಬರುತ್ತದೆ, ಹೋಗುತ್ತದೆ, ಬರುತ್ತದೆ