ಸೋಮವಾರದ ಪಾಳಿ

ಕಾಲೇಜು ಓದಿದವರು ಬರೆಯಬೇಕಾದ ಸಂಗತಿಯನ್ನು ನನ್ನಂಥ ಸಂಜೆ ಕ್ಲಾಸಿನವರು ಹೇಳಹೊರಟರೆ ತಪ್ಪಾದೀತು, ಆದರೆ ಕ್ಷಮಿಸಬೇಕು. ಇದು ಕಂಪ್ಯೂಟರಿನ ಕತೆಯಾದರೂ ಎತ್ತಿನ ಗಾಡಿ ನೋಡಿದವರಿಗೆಲ್ಲ ಅರ್ಥವಾಗುತ್ತದೆ.

ಮೂಡಲಗಿ ರಸ್ತೆಯ ಒಂದು ಸಕ್ಕರೆ ಕಾರ್ಖಾನೆ. ಯಾವ ರೈತ ಯಾವ ದಿನ ಕಬ್ಬು ತರಬೇಕೆಂದು ಮೊಬೈಲಿಗೆ ಸಂದೇಶ ಕಳಿಸುವ ಪ್ರೋಗ್ರಾಮನ್ನು ಬರೆದವಳು ದಾನೇಶ್ವರಿ. ಹುಕ್ಕೇರಿ ತಾಲೂಕಿನ ದಡ್ಡಿಯವಳು. ಪಿಯುಸಿಗೆ ಓದು ಬಿಟ್ಟು, ಗೋಕಾಕದ ಸಂಜೆ ಕ್ಲಾಸಿನಲ್ಲಿ ಒಂದಿಷ್ಟು, ಮೊಬೈಲಿನ ವಿಡಿಯೊ ನೋಡಿ ಮತ್ತೊಂದಿಷ್ಟು ಕಲಿತಿದ್ದಳು. ಮೂರು ಹಂಗಾಮು ಅದೇ ಪ್ರೋಗ್ರಾಮು ನಡೆದಿತ್ತು. ಈ ವರ್ಷ ಲಖನ ಬಂದ. ಗೋಕಾಕ ಪೇಟೆಯಲ್ಲೇ ಬೆಳೆದವನು, ಬಿ.ಇ. ಮುಗಿಸಿದವನು. ಇಬ್ಬರಲ್ಲಿ ಒಬ್ಬರನ್ನಷ್ಟೇ ಕಾಯಂ ಮಾಡುವುದೆಂದು ಮ್ಯಾನೇಜರ್ ಸಿದ್ರಾಯ ಮೊದಲೇ ಹೇಳಿಬಿಟ್ಟಿದ್ದರು.

ಲಖನ ಒಳ್ಳೆಯ ಕೆಲಸಗಾರ. ತಿಂಗಳ ಕೊನೆಗೆ ಒಂದೇ ಗಾಡಿಗೆ ಎರಡು ಪಾಳಿ ಬೀಳುತ್ತಿದ್ದ ದೋಷವನ್ನು ಒಂದೇ ದಿನದಲ್ಲಿ ಸರಿಪಡಿಸಿದ. ಅಂದಿನಿಂದ ದಾನೇಶ್ವರಿಗೆ ತಾನು ಬರೆದ ಪ್ರತಿ ಸಾಲಿನ ಮೇಲೂ ಅನುಮಾನ.

ಶುಕ್ರವಾರ ಅವನು ಪರದೆ ತೋರಿಸಿ ಕೇಳಿದ.

“ಅಕ್ಕಾರ, ಇದೇನ್ರಿ? ಟ್ರ್ಯಾಕ್ಟರಿಗೆ ಸೋಮವಾರ ಪಾಳಿ ಐತಿ, ಎತ್ತಿನ ಗಾಡಿಗಿಲ್ಲ. ಕೈ ತಪ್ಪಿ ಬರದೀರೇನ?”

ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅವಳ ಊರಲ್ಲಿ ಕೂಸಿಗೂ ಗೊತ್ತಿರುವ ಮಾತು. ಬಿ.ಇ. ಓದಿದವನ ಮುಂದೆ ಇದನ್ನು ಹೇಳಿದರೆ ನಕ್ಕಾನು ಅನ್ನಿಸಿತು.

“ನಿಮಗ ತಿಳಿದಂಗ ಮಾಡ್ರಿ,” ಎಂದಳು.

ಅವನು ಆ ಸಾಲು ಅಳಿಸಿದ.

ಮಂಗಳವಾರ ಬೆಳಿಗ್ಗೆ ಗೇಟಿನ ಮುಂದೆ ನಲವತ್ತು ಗಾಡಿ. ಸೋಮವಾರದ ಪಾಳಿ ಬಂದವರೆಲ್ಲ ಭಾನುವಾರ ಕಬ್ಬು ಕಡಿದು, ಸೋಮವಾರ ಎತ್ತಿಗೆ ಬಿಡುವು ಕೊಟ್ಟು, ಮರುದಿನ ಬಂದಿದ್ದರು. ‘ಪಾಳಿ ತಪ್ಪಿದೆ, ಹತ್ತು ದಿನ ಬಿಟ್ಟು ಬನ್ನಿ’ ಎನ್ನುತ್ತಿತ್ತು ಕಂಪ್ಯೂಟರು. ಕಡಿದ ಕಬ್ಬು ಹತ್ತು ದಿನ ಬಿಸಿಲಿಗೆ ಬಿದ್ದರೆ ಉಳಿಯುವುದು ಬರೀ ಸೌದೆ.

“ಏನ ತಂಗಿ, ನಿನ್ನ ಮಶಿನ್ನಿಗೆ ವಾರ ಗೊತ್ತಿಲ್ಲೇನ?” ಕೌಜಲಗಿಯ ಉದ್ದವ್ವ ಗಾಡಿಯ ಮೇಲಿಂದಲೇ ಕೂಗಿದಳು. “ಹ್ವಾದ ವರ್ಷ ಶಾಣ್ಯಾ ಇತ್ತು. ಸಾಲಿ ಕಲಿಸಿದ್ರೇನ, ಇದ್ದ ಬುದ್ಧಿನೂ ಹೋಗೇತಿ!”

ಗಾಡಿಯವರು ನಕ್ಕರು. ಲಖನನ ಮುಖ ಬಿಳಿಚಿತು.

ಸಿದ್ರಾಯ ಇಬ್ಬರನ್ನೂ ಒಳಗೆ ಕರೆದರು. “ಗಾಡಿಗೆ ಸೋಮವಾರ ಪಾಳಿ ಹಚ್ಚಿದಾಂವ ಯಾರು?”

“ನಾನ ರೀ ಸರ.” ಲಖನ ಅಷ್ಟಕ್ಕೇ ನಿಲ್ಲಿಸಿದ. ಅವಳನ್ನು ಕೇಳಿದ್ದ ಮಾತನ್ನು ಎತ್ತಲಿಲ್ಲ.

ಈಗ ಸುಮ್ಮನಿದ್ದರೆ ನೌಕರಿ ಅವಳದೇ. ಹೊರಗೆ ಎತ್ತುಗಳ ಕೊರಳ ಗೆಜ್ಜೆ ಕೇಳುತ್ತಿತ್ತು.

“ಇವರು ನನ್ನ ಕೇಳಿದ್ರು ರೀ ಸಾಹೇಬ್ರ,” ಎಂದಳು. “ನನಗ ಗೊತ್ತಿತ್ತು. ಹೇಳಲಿಲ್ಲ.”

“ಯಾಕ?”

“ನಗತಾರಂತ ಅಂಜಿದ್ನಿ ರೀ. ಇವರು ಎಡವಿದ್ರ ಎಡವಲಿ ಅಂತನೂ ಅನಸಿತ್ತು.”

ಲಖನ ತಿರುಗಿ ಅವಳನ್ನು ನೋಡಿದ.

“ಮೊದಲ ಈ ಗಾಡಿ ಎಲ್ಲಾ ಒಳಗ ಬಿಡ್ರಿ,” ಎಂದರು ಸಿದ್ರಾಯ.

ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತರು. ಅವಳು ಸಾಲು ಹೇಳಿದಳು, ಅವನು ಬರೆದ. ಹತ್ತು ಗಂಟೆಗೆ ಗೇಟು ತೆರೆಯಿತು.

ವಾರ ಕಳೆದು ಕಾಯಂ ಪತ್ರ ಬಂತು, ಲಖನನ ಹೆಸರಿಗೆ. ಪದವಿ ನೋಡಿ ಕೊಟ್ಟರೋ, ಅವಳು ಅಂದು ಬಾಯಿಬಿಟ್ಟು ಒಪ್ಪಿಕೊಂಡದ್ದಕ್ಕೆ ಕೊಟ್ಟರೋ, ಸಿದ್ರಾಯ ಹೇಳಲಿಲ್ಲ, ದಾನೇಶ್ವರಿ ಕೇಳಲಿಲ್ಲ. ನನಗೂ ತಿಳಿಯದು.