ಸೋಮಮ್ಮ ಹೊಗಳಿದ ಪುಸ್ತಕ

ಮದ್ದೂರಿನ ಲೈಬ್ರರಿಯಲ್ಲಿ ಪುಸ್ತಕ ಕೊಡುವವನು ರಾಜೇಂದ್ರ, ಆದರೆ ಪುಸ್ತಕಕ್ಕೊಂದು ಗತಿ ಕಾಣಿಸುವವಳು ಸೋಮಮ್ಮ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಮಣ್ಣು ಪರೀಕ್ಷೆಯ ಕೆಲಸ ಮಾಡಿ ನಿವೃತ್ತಿಯಾದ ಮೇಲೆ ಅವಳಿಗೆ ಉಳಿದ ಒಂದೇ ಚಟ ಓದು. ಅದರಲ್ಲೂ ಕತೆ, ಕಾದಂಬರಿಯನ್ನು ಕೈಯಲ್ಲೂ ಮುಟ್ಟುವವಳಲ್ಲ. "ಸುಳ್ಳು ಕೇಳಬೇಕು ಅಂದ್ರೆ ಎಲೆಕ್ಸನ್ ಬತ್ತದೆ, ಅದುಕ್ಯಾಕೆ ಪುಸ್ತಕ ಒತ್ಕಂಡು ಓಗ್ಬೇಕು?" ಅನ್ನುವುದು ಅವಳ ವಾದ. ಆತ್ಮಕತೆ, ಪ್ರವಾಸ, ಚರಿತ್ರೆ, ಬೇಸಾಯ, ವೈದ್ಯ, ಹೀಗೆ ನಡೆದದ್ದನ್ನೋ ಇರುವುದನ್ನೋ ಬರೆದದ್ದಾದರೆ ಸರಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುತ್ತಿದ್ದಳು. ಓದಿದ್ದನ್ನು ವಾಪಸು ಕೊಡುವಾಗ ಕೌಂಟರಿನ ಮುಂದೆ ನಿಂತು, ಪುಸ್ತಕವನ್ನು ರಾಜೇಂದ್ರನ ಕೈಗೆ ಕೊಡದೆ, ಅಂಗೈಯಲ್ಲಿ ತೂಗುತ್ತ ತೀರ್ಪು ಹೇಳುತ್ತಿದ್ದಳು.

ನಿವೃತ್ತ ಅಧಿಕಾರಿಯೊಬ್ಬರ ಆತ್ಮಕತೆಗೆ ಆದ ಗತಿ ಹೀಗೆ: "ಮುನ್ನೂರು ಪುಟದಾಗೆ ಒಂದ್ ದಪನೂ ತಪ್ಪು ಮಾಡಿಲ್ಲ ಕಣಪ್ಪ ಈ ಮನ್ಸ. ಎಂಡ್ತಿ ಎಸರು ಒಂದೇ ಕಡೆ ಬಂದದೆ. ಅದೂ ಟ್ರಾನ್ಸ್‌ಫರ್ ಆದಾಗ ಸಾಮಾನು ಕಟ್ಟಾಕೆ."

ಹಿಮಾಲಯದ ಪ್ರವಾಸದ ಪುಸ್ತಕಕ್ಕೆ: "ಬೆಟ್ಟ ಅತ್ತಿ, ಬೆಟ್ಟಕ್ಕೆ ಬೆನ್ನಾಕಿ, ತನ್ನ ಪೋಟೋ ತಗಂಡು ಬಂದವ್ನೆ. ಇವನು ಇಲ್ಲೇ ಪಕ್ಕದ ಮುತ್ತತ್ತಿಗೆ ಓಗಿದ್ರೂ ಇದೇ ಪುಸ್ತಕ ಬರೀತಿದ್ದ."

ಬದುಕಿನಲ್ಲಿ ಗೆಲ್ಲುವುದು ಹೇಗೆ ಎಂದು ಹೇಳಿಕೊಡುವ ಪುಸ್ತಕವನ್ನಂತೂ ಕೌಂಟರಿನ ಮೇಲೆ ಕುಕ್ಕಿದ್ದಳು. "ಬೆಳಿಗ್ಗೆ ನಾಕಕ್ಕೆ ಎದ್ರೆ ಗೆಲ್ತೀರಂತೆ. ನಮ್ಮ ಬೀದೀಲಿ ಡೈರಿಗೆ ಆಲು ಆಕೋ ಎಂಗಸ್ರೆಲ್ಲ ನಾಕಕ್ಕೇ ಏಳೋದು. ಅವ್ರು ಎಲ್ಲಿ ಗೆದ್ದವ್ರೆ ಅಂತ ಕೇಳು ಅವ್ನ."

ಮೆಚ್ಚಿದ ಪುಸ್ತಕವೂ ಒದೆ ತಿನ್ನದೆ ಹೋಗುತ್ತಿರಲಿಲ್ಲ. ಜೇನು ಸಾಕುವವನೊಬ್ಬ ಬರೆದ ಪುಸ್ತಕವನ್ನು ಎರಡು ಸಲ ಓದಿದ್ದಳು. "ಇದು ಪುಸ್ತಕ ಕಣಪ್ಪ. ಬರ್ದೋನಿಗೆ ಜೇನು ಕಚ್ಚೈತೆ, ಓದೋರಿಗೂ ಉರಿ ಅತ್ತದೆ. ಆದ್ರೆ ಕೊನೇ ಅಧ್ಯಾಯ ದಂಡ. ಅದ್ರಾಗೆ ಕುಂತ್ಕಂಡು ಸರ್ಕಾರಕ್ಕೆ ಬುದ್ಧಿ ಯೋಳವ್ನೆ, ಅದ್ನ ಯಾರು ಕೇಳಿದ್ರು?"

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುವ ಗಾದೆ ಬೇರೆ ಊರಿನದಿರಬೇಕು. ಇಲ್ಲಿ ಆಗುತ್ತಿದ್ದುದು ಉಲ್ಟಾ. ಸೋಮಮ್ಮ ಬೈದ ಪುಸ್ತಕ ಬೀರು ಸೇರುತ್ತಲೇ ಇರಲಿಲ್ಲ. ಪೇಪರ್ ಓದುತ್ತ ಕಿವಿಯನ್ನು ಇತ್ತ ಕೊಟ್ಟು ಕೂತವರು ಕೈ ಚಾಚಿ ಇಸಿದುಕೊಳ್ಳುತ್ತಿದ್ದರು. ಹಾಗೆ ಮೊದಲು ಕೈ ಚಾಚುತ್ತಿದ್ದವನು ನಯಾಜ್ ಪಾಷಾ.

ನಯಾಜನದು ಮೋಟಾರ್ ವೈಂಡಿಂಗ್ ಅಂಗಡಿ. ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಅವನು ಇಳಿಯದ ಬಾವಿಯಿಲ್ಲ, ಎತ್ತದ ಪಂಪಿಲ್ಲ. ಸೋಮಮ್ಮನನ್ನು ಅಕ್ಕ ಅನ್ನುತ್ತಿದ್ದ, ಅವಳು ಅವನನ್ನು ಲಾ ಅನ್ನುತ್ತಿದ್ದಳು. ಅವಳ ಗಂಡ ಶಿವರಾಮು ಇದ್ದಾಗಿನಿಂದಲೂ ಎರಡು ಮನೆಯ ನಡುವೆ ಕಾಫಿ, ಬಿರಿಯಾನಿ, ಜಗಳ ಎಲ್ಲವೂ ಓಡಾಡಿಕೊಂಡಿದ್ದವು. ಶಿವರಾಮು ತೀರಿಕೊಂಡ ಮೇಲೆ ಕಾಫಿ ಕಡಿಮೆಯಾಯಿತು, ಜಗಳ ಹೆಚ್ಚಾಯಿತು. ಅವಳು ಬೈದ ಪುಸ್ತಕವನ್ನು ನಯಾಜ ಓದಿ ಬಂದು ಬರೆದವನ ಪರ ವಕಾಲತ್ತು ಹೂಡುತ್ತಿದ್ದ. 'ಸದ್ದು ಮಾಡಬೇಡಿ' ಎಂಬ ಬೋರ್ಡಿನ ಕೆಳಗೇ ಇಬ್ಬರೂ ಕಿತ್ತಾಡುತ್ತಿದ್ದರು. ಒಂಟಿ ಮನೆಯಲ್ಲಿ ಬಾಯಿ ಕಟ್ಟಿ ಹೋಗುತ್ತಿದ್ದ ಸೋಮಮ್ಮನಿಗೆ ಆ ಜಗಳವಿಲ್ಲದ ದಿನ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಇಂಥ ನಯಾಜ ತಾನೇ ಒಂದು ಪುಸ್ತಕ ಬರೆದುಬಿಟ್ಟ. ತಾನು ಇಳಿದ ಬಾವಿಗಳ ಬಗ್ಗೆ, ಎತ್ತಿದ ಮೋಟಾರುಗಳ ಬಗ್ಗೆ. ಅದು ಅಚ್ಚಿನಲ್ಲಿರುವಾಗಲೇ ಎದೆನೋವು ಬಂದು, ಮಂಡ್ಯದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದ. ಬಂದವನೇ ಲೈಬ್ರರಿಗೆ ಪ್ರತಿ ಕೊಟ್ಟು, "ಮೊದ್ಲು ನಮ್ಮಕ್ಕಂಗೆ ಕೊಡಿ. ಆಮೇಲೆ ಯಾರಿಗಾದ್ರೂ ಕೊಡಿ," ಅಂದು ರಾಜೇಂದ್ರನಿಗೆ ಕಟ್ಟಪ್ಪಣೆ ಮಾಡಿ ಹೋದ.

ಸೋಮಮ್ಮ ಪುಸ್ತಕ ತಂದ ಸಂಜೆಯೇ ನಯಾಜನ ಮಗಳು ಜಾಕಿಯಾ ಬಂದಳು. ಮಳವಳ್ಳಿಯ ಕಾಲೇಜೊಂದರಲ್ಲಿ ಪಾಠ ಹೇಳುವವಳು, ಅಳೆದು ತೂಗಿ ಮಾತಾಡುವ ಹುಡುಗಿ.

"ಅತ್ತೆ, ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅಪ್ಪನ ಪುಸ್ತಕಕ್ಕೆ ಮಾತ್ರ ಬೈಬೇಡಿ. ಚೆನ್ನಾಗಿದೆ ಅಂದ್ಬುಡಿ, ಅಷ್ಟೇ. ಎದೆಗೆ ಸ್ಟೆಂಟ್ ಹಾಕಿ ಇನ್ನೂ ತಿಂಗ್ಳಾಗಿಲ್ಲ."

"ಚೆನ್ನಾಗಿದ್ರೆ ನಾನ್ಯಾಕವ್ವ ಬೈಯ್ಲಿ?"

"ಚೆನ್ನಾಗಿಲ್ಲ ಅತ್ತೆ," ಅಂದಳು ಜಾಕಿಯಾ, ನೆಲ ನೋಡುತ್ತ. "ಟೈಪ್ ಮಾಡಿದ್ದು ನಾನೇ."

ಸೋಮಮ್ಮ ಎರಡು ದಿನ ಕೂತು ಓದಿದಳು. ಹುಡುಗಿ ಹೇಳಿದ್ದು ನಿಜ. ಮಂಡ್ಯದ ಪಂಡಿತರೊಬ್ಬರು ತಿದ್ದಿಕೊಟ್ಟಿದ್ದರಂತೆ. ತಿದ್ದಿದ ರಭಸಕ್ಕೆ ಬಾವಿಯಲ್ಲಿ ನೀರೂ ಉಳಿದಿರಲಿಲ್ಲ, ನಯಾಜನೂ ಉಳಿದಿರಲಿಲ್ಲ. ಎಲ್ಲಿ ನೋಡಿದರೂ ಜಲದೇವತೆ, ಯಂತ್ರತಪಸ್ಸು, ಧನ್ಯತೆ. ಹನಕೆರೆಯ ಹತ್ತಿರ ಬಾವಿಯೊಳಗೆ ಹಗ್ಗ ಹರಿದು, ಮೇಲಿದ್ದವರು ಊಟಕ್ಕೆ ಹೋಗಿಬಿಟ್ಟು, ಮಧ್ಯಾಹ್ನವಿಡೀ ಇವನು ಕಪ್ಪೆಗಳ ಜೊತೆ ಕೂತು ಊರಿಗೆ ಊರನ್ನೇ ಬೈದ ಕತೆಯನ್ನು ಅವನ ಬಾಯಲ್ಲಿ ಎಷ್ಟು ಸಲ ಕೇಳಿ ನಕ್ಕಿದ್ದಳೋ. ಪುಸ್ತಕದಲ್ಲಿ ಅದು ಒಂದೇ ಸಾಲು: 'ಆ ಗಂಭೀರ ಏಕಾಂತದಲ್ಲಿ ನನಗೆ ಬದುಕಿನ ಅರ್ಥ ಹೊಳೆಯಿತು.' ಸೋಮಮ್ಮನಿಗೆ ಪುಸ್ತಕ ಎಸೆಯುವಷ್ಟು ಸಿಟ್ಟು ಬಂತು. ಅಷ್ಟರಲ್ಲಿ ಆಸ್ಪತ್ರೆಯ ಮಂಚದ ಮೇಲೆ ಕಂಡಿದ್ದ ನಯಾಜನ ಬಿಳಿಚಿದ ಮುಖ ನೆನಪಾಗಿ, ಸಿಟ್ಟನ್ನು ನುಂಗಿಕೊಂಡಳು.

ಪುಸ್ತಕ ಹಿಂದಿರುಗಿಸುವ ದಿನ ಲೈಬ್ರರಿ ತುಂಬಿತ್ತು. ನಯಾಜ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿಯ ಪಕ್ಕ ಪೇಪರನ್ನು ಅಡ್ಡ ಹಿಡಿದು ಕೂತಿದ್ದ. ಏಟು ತಿನ್ನಲು ಸಿದ್ಧವಾಗಿ ಬಂದಿದ್ದ ಅನ್ನುವುದಕ್ಕಿಂತ ಏಟಿಗಾಗಿಯೇ ಬಂದಿದ್ದ. ಉತ್ತರಗಳನ್ನು ರಾತ್ರಿಯೇ ತಯಾರು ಮಾಡಿಕೊಂಡಿರಬೇಕು.

ಸೋಮಮ್ಮ ಪುಸ್ತಕವನ್ನು ತೂಗಲಿಲ್ಲ. ಎರಡು ಕೈಯಲ್ಲಿ ಹಿಡಿದು ರಾಜೇಂದ್ರನಿಗೆ ಕೊಟ್ಟಳು.

"ತುಂಬ ಚೆನ್ನಾಗಿದೆ. ಎಲ್ಲರೂ ಓದಬೇಕಾದ ಪುಸ್ತಕ," ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ, "ಒಳ್ಳೆ ಕೆಲಸ ಮಾಡಿದ್ದೀರಿ, ನಯಾಜ್ ಪಾಷಾ ಅವರೇ. ಆರೋಗ್ಯ ನೋಡ್ಕೊಳಿ," ಅಂದಳು.

ಕೈ ಚಾಚಲು ಕಾದಿದ್ದವರು ಮತ್ತೆ ಪೇಪರಿನೊಳಗೆ ಮುಖ ಹುದುಗಿಸಿದರು. ನಯಾಜ ಅವಳನ್ನೇ ನೋಡಿದ. ಅವನ ಮುಖದಲ್ಲಿ ಖುಷಿ ಕಾಣಲಿಲ್ಲ, ಸಿಟ್ಟೂ ಕಾಣಲಿಲ್ಲ. ಪೇಪರನ್ನು ನಾಲ್ಕಾಗಿ ಮಡಿಸಿಟ್ಟು, "ಆಯ್ತಕ್ಕ," ಅಂದು ಎದ್ದು ಹೋದ. ಹುಡುಗಿ ಕೇಳಿಕೊಂಡದ್ದನ್ನು ನಡೆಸಿಕೊಟ್ಟೆನಲ್ಲ ಎಂದು ಸೋಮಮ್ಮ ಸಮಾಧಾನ ಮಾಡಿಕೊಂಡಳು, ಆದರೂ ಬಾಯೆಲ್ಲ ಸಪ್ಪೆಯಾದ ಹಾಗಿತ್ತು.

ಮಾರನೆಯ ದಿನ ನಯಾಜ ಬರಲಿಲ್ಲ. ಅದರಾಚೆಯ ದಿನವೂ ಬರಲಿಲ್ಲ. ವಾರ ಕಳೆಯಿತು. ಪುಸ್ತಕ ಕೌಂಟರಿನ ಮೇಲೇ ಬಿದ್ದಿತ್ತು. "ಯಾರೂ ಕೇಳ್ತಿಲ್ಲಮ್ಮ. ನೀವು ಬೈದಿಲ್ವಲ್ಲ," ಅಂದ ರಾಜೇಂದ್ರ. ಸೋಮಮ್ಮ ಹೊಸ ಪುಸ್ತಕ ತೆಗೆದುಕೊಂಡು ಹೋದಳು, ಓದಲಾಗಲಿಲ್ಲ. ಬೈಯೋಣ ಅಂದರೆ ಎದುರು ಮಾತಾಡುವವನೇ ಇಲ್ಲ.

ಕೊನೆಗೆ ತಡೆಯಲಾರದೆ ಅವನ ಮನೆಗೆ ನಡೆದಳು. ಬಾಗಿಲಲ್ಲೇ ನಯಾಜನ ಹೆಂಡತಿ ಜಾನ್ ಬೀ ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ಇವ್ರಿಗೆ ಏನಾಗಿದೆ ಅಂತ ನೀವಾದ್ರೂ ಕೇಳಿ. ಮಳವಳ್ಳಿಗೋಗಿ ನಮ್ಮಣ್ಣನ ಕೈ ಹಿಡ್ಕಂಡು ತಪ್ಪಾಯ್ತು ಅಂದ್ರಂತೆ. ಮನೆ ಕಟ್ಟಿದಾಗಿಂದ ಮಾತಿರಲಿಲ್ಲ ಅವರಿಬ್ರಿಗೂ. ಅಂಗಡಿ ಸಾಮಾನೆಲ್ಲ ಯಾರ್ಯಾರಿಗೆ ಕೊಡಬೇಕು ಅಂತ ಹೇಳ್ತಾವ್ರೆ. ಊಟ ಸೇರ್ತಿಲ್ಲ."

ನಯಾಜ ಹಿತ್ತಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ.

"ಯಾಕ್ಲಾ, ಲೈಬ್ರರಿ ಕಡೆ ತಲೇನೇ ಆಕಿಲ್ಲ?" ಅಂದಳು ಸೋಮಮ್ಮ.

ಅವನು ನಗಲಿಲ್ಲ. "ಕುಂತ್ಕೊ ಅಕ್ಕ. ಒಂದು ಕೇಳ್ತೀನಿ, ದಿಟ ಯೋಳು. ಡಾಕ್ಟ್ರು ಏನಂದ್ರು?"

"ಯಾವ ಡಾಕ್ಟ್ರು?"

"ನಂಗೆ ಮುಚ್ಚುಮರೆ ಬ್ಯಾಡ. ನಿಂಗೂ ಜಾಕಿಯಾಗೂ ಏನೋ ಗೊತ್ತೈತೆ. ಇನ್ನೆಷ್ಟು ದಿನ ಅಂದ್ರು?"

"ನಿಂಗೆ ತಲೆ ಕೆಟ್ಟದಾ? ಯಾರ್ಲಾ ಅಂದೋರು ಅಂಗೆ?"

"ನೀನೇ ಅಂದೆ. ಎಲ್ಲಾರ ಎದುರ್ಗೆ." ನಯಾಜನ ಧ್ವನಿ ಇಳಿಯಿತು. "ಸಿವರಾಮಣ್ಣ ಆಸ್ಪತ್ರೇಲಿ ಇದ್ದಾಗ ನಾನು ಬಾಗಿಲತ್ರ ನಿಂತಿದ್ದೆ ಅಕ್ಕ. ಮದ್ವೆ ಆದಾಗಿಂದ ದಿನಾ ಬೈದೇ ಕಾಪಿ ಕೊಡ್ತಿದ್ದೋಳು, ಅವತ್ತು 'ನೀವು ಒಳ್ಳೇರು, ಆರಾಮ್ ಮಾಡ್ಕೊಳಿ' ಅಂದೆ. ನೀನು ಅತ್ಲಾಗೆ ಓದ್ಮೇಲೆ ಅಣ್ಣ ನನ್ನ ಕೈ ಹಿಡ್ಕಂಡ. 'ಸೋಮ ನಂಗೆ ನೀವು ಅಂದ್ಲು ಕಣ್ಲಾ ನಯಾಜು. ಮುಗೀತು ನನ್ ಕತೆ' ಅಂದ. ಮೊನ್ನೆ ನಂಗೂ 'ನಯಾಜ್ ಪಾಷಾ ಅವರೇ' ಅಂದೆಯಲ್ಲ ನೀನು."

ಸೋಮಮ್ಮ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಗಂಡನ ಕೊನೆಯ ದಿನಗಳನ್ನು ಅವಳು ಎಷ್ಟು ಸಲ ಮನಸ್ಸಿನಲ್ಲಿ ತಿರುವಿ ಹಾಕಿರಲಿಲ್ಲ? ಅವನಿಗೆ ಏನೂ ಗೊತ್ತಾಗದ ಹಾಗೆ ನೋಡಿಕೊಂಡೆ ಅನ್ನುವುದೊಂದೇ ಅವಳಿಗೆ ಇದ್ದ ನೆಮ್ಮದಿ. ಡಾಕ್ಟರು ಮುಚ್ಚಿಟ್ಟದ್ದನ್ನು, ನೆಂಟರೆಲ್ಲ ಮುಚ್ಚಿಟ್ಟದ್ದನ್ನು, ತನ್ನ ಬಾಯಿಯೇ ಅವನಿಗೆ ಹೇಳಿಬಿಟ್ಟಿತ್ತು. ಅವಳಿಗೆ ದುಃಖ ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಎದುರಿಗೆ ಕೂತಿದ್ದವನೂ ಅದೇ ಮಾತಿಗೆ ಊಟ ಬಿಟ್ಟು ಕೂತಿದ್ದ. ಇಂಥವನು ಸ್ಟೆಂಟ್ ಗಟ್ಟಿಯಿದ್ದರೂ ಅನುಮಾನಕ್ಕೇ ಸತ್ತಾನು.

ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು.

"ಪುಸ್ತಕ ತಗಂಬಾ."

"ಯಾವುದು?"

"ನಿನ್ ಪುಸ್ತಕ ಕಣ್ಲಾ. ಜಾಕಿಯಾ ಬೈಬೇಡಿ ಅತ್ತೆ ಅಂತ ಕಾಲಿಗ್ ಬಿದ್ದಂಗೆ ಕೇಳ್ಕಂಡ್ಲು, ಬಾಯಿ ಮುಚ್ಕಂಡೆ. ಡಾಕ್ಟ್ರೂ ಇಲ್ಲ, ಮಣ್ಣೂ ಇಲ್ಲ."

"ಸುಳ್ಳೇಳ್ಬೇಡ ಅಕ್ಕ. ಸಮಾಧಾನಕ್ಕೆ ಯೋಳ್ತಾ ಇದ್ದೀಯ."

"ಸಮಾಧಾನವ?" ಸೋಮಮ್ಮ ಒಳಗೆ ಹೋಗಿ ತಾನೇ ಒಂದು ಪ್ರತಿ ತಂದು ಬಿಡಿಸಿದಳು. "ಈಗ ಕೇಳು ಸಮಾಧಾನನ. ಮೊದಲ್ನೇ ಪುಟ. 'ಜಲದೇವತೆಯ ಸೆರಗ ಹಿಡಿದು'. ಯಾವಾಗ್ಲಾ ಇಡಿದೆ ನೀನು? ನೀನು ಇಡಿದಿದ್ದು ಗ್ರೀಸು. ಇಲ್ನೋಡು, 'ರೈತ ಬಾಂಧವರ ನಗುಮೊಗ'. ರಿಪೇರಿ ಆದ್ಮೇಲೆ ಯಾವ ರೈತ ನಕ್ಕವ್ನೆ ನಿನ್ನ ನೋಡಿ? ಬಿಲ್ಲು ಕೇಳಿದ್ರೆ ಮಕ ಎತ್ಲಾಗೋ ತಿರುಗಿಸ್ತಾರೆ ಅಂತ ನೀನೇ ಅಂತಿದ್ದೆ. ಅದ್ಯಾಕೆ ಬರ್ದಿಲ್ಲ? ಎದ್ರಿಕೆಯ?"

ನಯಾಜ ಅವಳ ಮುಖವನ್ನೇ ನೋಡುತ್ತಿದ್ದ, ಇನ್ನೂ ನಂಬದೆ.

"ಅನಕೆರೆ ಬಾವಿ ಎಲ್ಲೋಯ್ತು? ಕಪ್ಪೆ ಎಲ್ಲೋದ್ವು? ಅವತ್ತು ನೀನು ಬೈದ ಬೈಗುಳ ಒಂದಾದ್ರೂ ಐತಾ ಇದ್ರಾಗೆ? ಬದುಕಿನ ಅರ್ಥ ಒಳೀತಂತೆ. ಅರ್ಥ ಅಲ್ಲ ಕಣ್ಲಾ, ಒಟ್ಟೆ ಅಸ್ದಿತ್ತು ನಿಂಗೆ."

"ಅದು ಪಂಡಿತ್ರು ಸೇರ್ಸಿದ್ದು," ಅಂದ ನಯಾಜ.

"ಪಂಡಿತ್ರು ಸೇರ್ಸಿದ್ರೆ ನೀನೇನು ಮಾಡ್ತಿದ್ದೆ, ಕಳ್ಳೇಪುರಿ ತಿಂತಿದ್ದಾ? ಬೈಂಡಿಂಗ್ ಒಂದು ಚೆನ್ನಾಗದೆ. ಮಿಕ್ಕಿದ್ದೆಲ್ಲ ಮೋಟಾರಿನ ಸುಟ್ಟ ಕಾಯಿಲು. ಕರೆಂಟು ಕೊಟ್ರೂ ತಿರುಗಾಕಿಲ್ಲ."

ಸುಟ್ಟ ಕಾಯಿಲು ಅಂದದ್ದು ಎಲ್ಲಿ ತಾಕಬೇಕೋ ಅಲ್ಲಿಗೆ ತಾಕಿತು. ನಯಾಜ ಕುರ್ಚಿಯಿಂದ ಎದ್ದ. "ಏಯ್, ಒಸಿ ನೋಡ್ಕಂಡು ಮಾತಾಡಕ್ಕ. ಮೂರನೇ ಅಧ್ಯಾಯ ಪೂರ್ತಿ ನಂದೇ. ಪಂಡಿತ್ರು ಒಂದಕ್ಷರ ಮುಟ್ಟಿಲ್ಲ. ಅದ್ರಾಗೆ ಏನು ತಪ್ಪೈತೆ, ತೋರ್ಸು."

"ಅದೇ ಎಲ್ಲಾಕಿಂತ ಕೆಟ್ಟದ್ದು."

"ನಿಂಗೆ ಮೋಟಾರ್ ಬಗ್ಗೆ ಏನು ಗೊತ್ತು?"

"ಮೋಟಾರ್ ಗೊತ್ತಿಲ್ಲ, ನೀನು ಗೊತ್ತು. ನೀನಿಲ್ಲ ಅದ್ರಾಗೆ."

ಸದ್ದು ಬೀದಿಗೆ ಕೇಳಿ, ಜಾನ್ ಬೀ ಗಾಬರಿಯಿಂದ ಓಡಿಬಂದಳು. ಗಂಡನ ಎದೆಯ ಮೇಲೆ ಕೈಯಿಟ್ಟು, "ಡಾಕ್ಟ್ರು ಕೂಗಾಡ್ಬೇಡಿ ಅಂದವ್ರೆ," ಅಂದಳು. ಅವನು ಅವಳ ಕೈಯನ್ನು ಮೆಲ್ಲಗೆ ಸರಿಸಿದ. ಮುಖ ಕೆಂಪಾಗಿತ್ತು, ಕಣ್ಣಲ್ಲಿ ನೀರಿತ್ತು, ಆದರೂ ತುಟಿಯ ಒಂದು ಕಡೆ ನಗು ಎದ್ದಿತ್ತು.

"ಊಟಕ್ಕೆ ಇಕ್ಕು," ಅಂದ ಹೆಂಡತಿಗೆ. "ಅಕ್ಕಂಗೂ ಇಕ್ಕು. ಇವ್ಳು ಇನ್ನೂ ಒಂದೇ ಅಧ್ಯಾಯಕ್ಕೆ ಬೈದವ್ಳೆ."

ಜಾನ್ ಬೀ ಒಳಗೆ ಹೋದಳು. ನಯಾಜ ಮತ್ತೆ ಕೂತು ಪುಸ್ತಕದ ರಟ್ಟನ್ನು ಸವರಿದ.

"ಎಲ್ಲಾನೂ ಮತ್ತೆ ಬರೀಬೇಕು ಅಂತೀಯ?"

"ಮೊದಲ್ನೇ ಅಕ್ಷರದಿಂದ. ನೀನು ಮಾತಾಡ್ದಂಗೆ."

"ಅಷ್ಟೊತ್ತಿನ ಗಂಟ ಇರ್ತೀನಾ ಅಕ್ಕ?"

ಸೋಮಮ್ಮನಿಗೆ, ಶಿವರಾಮು ಇದನ್ನೇ ಕೇಳಿದ್ದರೆ, ಕೇಳುವ ಧೈರ್ಯ ಅವನಿಗೂ ಬರುವ ಹಾಗೆ ತಾನು ಬೈದಿದ್ದರೆ ಅನ್ನಿಸಿತು. ಕಣ್ಣೊರೆಸಿಕೊಳ್ಳದೆ, ಬಾಯಿಗೆ ಬಂದದ್ದನ್ನು ಹೇಳಿದಳು.

"ಇರ್ದೆ ಎಲ್ಲಿಗ್ಲಾ ಓಯ್ತೀಯ ಮುಟ್ಟಾಳ? ಇಂಥಾ ಪುಸ್ತಕ ಬರ್ದು ನೀನು ಅಂಗೇ ಸತ್ತೋದ್ರೆ, ಗೋರಿ ತಾವ ಬಂದು ಬೈತೀನಿ ನಿನ್ನ."