ಓರಗಿತ್ತಿಯ ಕೇಲ್ ಸೊಪ್ಪು

ಟೈಲರಮ್ಮನ ಹೊಟ್ಟೆಕಿಚ್ಚಿಗೆ ಕಾರಣ ಒಡವೆಯಲ್ಲ, ಬಟ್ಟೆಯಲ್ಲ, ಎರಡು ಸಾಲು ಕೇಲ್ ಸೊಪ್ಪು. ನಗುವವರು ನಗಲಿ. ಉರಿಯುವ ಹೊಟ್ಟೆ ಅವಳದು, ನಮ್ಮದಲ್ಲವಲ್ಲ.

ಹಿತ್ತಲು ಒಂದೇ, ಮನೆ ಎರಡು. ಈ ಕಡೆ ಹಿರಿಸೊಸೆ ಟೈಲರಮ್ಮ, ಆ ಕಡೆ ಕಿರಿಸೊಸೆ ನರ್ಸಮ್ಮ, ನಡುವೆ ಕಲ್ಲು ಹಾಸಿದ ದಾರಿ. ಅತ್ತೆ ಇರುವುದು ಟೈಲರಮ್ಮನ ಮನೆಯಲ್ಲಿ. ಇಪ್ಪತ್ತು ವರ್ಷದಿಂದ ಅವರು ಉಂಡದ್ದು ಇವಳ ಕೈಯಡುಗೆಯನ್ನೇ. ಬಂದವರ ಮುಂದೆಲ್ಲ "ನಮ್ಮ ಹಿರಿಯಳ ಕೈರುಚಿ" ಎಂದು ಅವರು ಹೊಗಳುವಾಗ ಟೈಲರಮ್ಮ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಕಿವಿ ಮಾತ್ರ ನೆಟ್ಟಗಿರುತ್ತಿತ್ತು.

ಈ ಚಳಿಗಾಲ ಇಬ್ಬರೂ ಒಂದೇ ಪೊಟ್ಟಣದ ಬೀಜ ಹಂಚಿಕೊಂಡು ಬಿತ್ತಿದರು. ಕೇಲ್ ಅಂದರೆ ಗಡ್ಡೆ ಕಟ್ಟದ ಎಲೆಕೋಸಿನಂಥ ಸೊಪ್ಪು; ಇದು ಅಂಚು ನುಣುಪಾದ, ಅಗಲ ಎಲೆಯ ಜಾತಿ. ಟೈಲರಮ್ಮನಿಗೆ ತಾಳ್ಮೆ ಕಮ್ಮಿ. ಗಿಡ ಮೊಣಕಾಲುದ್ದ ಬರುವ ಮೊದಲೇ ಕೈಗೆ ಸಿಕ್ಕಿದ್ದನ್ನೆಲ್ಲ ಕಿತ್ತಳು, ದಂಟು ಸಮೇತ ಬೇಯಿಸಿದಳು. ಅತ್ತೆ ಎರಡು ತುತ್ತು ಅಗಿದು, "ಹಗ್ಗ ಜಗಿದ ಹಾಗಿದೆ ಕಣೇ" ಅಂದರು. ನರ್ಸಮ್ಮನೋ, ಕೆಳಗಿನ ಎಲೆಗಳನ್ನು ಎರಡೆರಡೇ ಮುರಿದು, ದಂಟು ಸೀಳಿ ತೆಗೆದು, ಉಪ್ಪು ಹಾಕಿ ಕೈಯಲ್ಲೇ ಹಿಸುಕಿ, ಎಣ್ಣೆ ಬೆಳ್ಳುಳ್ಳಿಯಲ್ಲಿ ಎರಡೇ ನಿಮಿಷ ಬಾಡಿಸಿ ಬಟ್ಟಲಲ್ಲಿ ತಂದಳು. ಅತ್ತೆ ಬಟ್ಟಲನ್ನು ಬೆರಳಲ್ಲಿ ಒರೆಸಿ ತಿಂದರು. ವಾರ ಕಳೆಯುವುದರೊಳಗೆ ಮಧ್ಯಾಹ್ನವಾದರೆ ಸಾಕು, "ಚಿಕ್ಕವಳು ಇನ್ನೂ ಬರಲಿಲ್ವಾ?" ಎಂದು ಬಾಗಿಲು ನೋಡತೊಡಗಿದರು. ಟೈಲರಮ್ಮ ಬಡಿಸಿದ್ದು ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು.

ಒಂದು ಸಂಜೆ ನರ್ಸಮ್ಮ ಡ್ಯೂಟಿಗೆ ಹೋದದ್ದೇ ತಡ, ಟೈಲರಮ್ಮ ಮಿಷನ್ ಮೇಲೆ ಕೈಗೆ ಸಿಕ್ಕ ಕತ್ತರಿ ಎತ್ತಿಕೊಂಡು ಕಲ್ಲಿನ ದಾರಿ ದಾಟಿದಳು. ಹನ್ನೆರಡು ಗಿಡ, ಹನ್ನೆರಡು ಕುಡಿ. ಕಚಕಚನೆ ಕತ್ತರಿಸಿ ಬಟ್ಟೆಚೂರಿನ ಚೀಲಕ್ಕೆ ತುರುಕಿದಳು. ಸುಳ್ಳೇಕೆ, ಅವತ್ತು ಅವಳಿಗೆ ಒಳ್ಳೆಯ ನಿದ್ದೆ ಬಂತು.

ಬೆಳಿಗ್ಗೆ ನರ್ಸಮ್ಮ ಗಿಡಗಳ ಮುಂದೆ ಬಗ್ಗಿ ಬಹಳ ಹೊತ್ತು ನಿಂತಿದ್ದಳು.

"ಹುಳ ತಿಂದಿರಬೇಕು," ಎಂದಳು ಟೈಲರಮ್ಮ, ಯಾರೂ ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇಲ್ಲಿ ಕಳ್ಳ ಅಂದವರೂ ಇರಲಿಲ್ಲ.

"ಇರಬೇಕು ಅಕ್ಕ. ಗಿಡ ಸುಧಾರಿಸಿಕೊಳ್ಳಲಿ, ಸ್ವಲ್ಪ ದಿನ ಮುಟ್ಟಲ್ಲ."

ಮೂರು ವಾರ ಬಟ್ಟಲು ಬರಲಿಲ್ಲ. ಅತ್ತೆ ಟೈಲರಮ್ಮನ ಅಡುಗೆ ಉಂಡರು, ಹೊಗಳಲಿಲ್ಲ. ಅಷ್ಟರಲ್ಲಿ ಕತ್ತರಿಸಿದ ಜಾಗದ ಕೆಳಗೆ ಎಲೆಎಲೆಯ ಬುಡದಿಂದಲೂ ಚಿಗುರು ನುಗ್ಗಿ, ಒಂದಿದ್ದ ಕುಡಿ ನಾಲ್ಕಾಯಿತು. ಟೈಲರಮ್ಮ ಕಿಟಕಿಯಿಂದ ನೋಡಿ ಹಲ್ಲು ಕಡಿದಳು. ಕೆಡಿಸಲು ಹೋಗಿ ಉಪಕಾರ ಮಾಡಿ ಬಂದಿದ್ದಳು.

ಆ ಭಾನುವಾರ ನರ್ಸಮ್ಮ ಬುಟ್ಟಿ ತುಂಬ ಚಿಗುರು ತಂದು ಟೈಲರಮ್ಮನ ಅಡುಗೆಮನೆಯಲ್ಲಿಟ್ಟಳು. ಮೇಲೊಂದು ಒಣಗಿದ ಅರ್ಧ ಎಲೆ, ಕುಡಿ ಹೋದ ದಿನ ಗಿಡದಲ್ಲಿ ಉಳಿದಿದ್ದನ್ನು ಎತ್ತಿಟ್ಟಿದ್ದು. ಕತ್ತರಿಸಿದ ಅಂಚು ಹಲ್ಲುಹಲ್ಲಾಗಿತ್ತು. ಬಟ್ಟೆಯ ನೂಲು ಬಿಡದಿರಲೆಂದು ಅಂಚು ಕತ್ತರಿಸುವ ಜಿಗ್‌ಜ್ಯಾಗ್ ಕತ್ತರಿ ಆ ಬೀದಿಯಲ್ಲಿ ಇದ್ದದ್ದು ಒಬ್ಬಳ ಹತ್ತಿರ ಮಾತ್ರ.

"ಹುಳಕ್ಕೆ ಹೊಲಿಗೆ ಬರುತ್ತೆ ಅಕ್ಕ," ಅಂದಳು ನರ್ಸಮ್ಮ ಮೆಲ್ಲಗೆ. "ಇವತ್ತು ನೀವೇ ಮಾಡಿ. ದಂಟು ತೆಗೀರಿ, ಅಷ್ಟೇ."

ಬೈದಿದ್ದರೆ ಟೈಲರಮ್ಮ ತಿರುಗಿ ಬೈದು ಗೆಲ್ಲುತ್ತಿದ್ದಳು. ಈ ಒಳ್ಳೆಯತನ ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಸೊಪ್ಪಿನಲ್ಲಿ ಸೋತವಳು ಈಗ ಗುಣದಲ್ಲೂ ಸೋತಳು. ಹೊಟ್ಟೆ ಇನ್ನಷ್ಟು ಉರಿಯಿತು. ಆದರೂ ದಂಟು ತೆಗೆದಳು, ಹಿಸುಕಿದಳು, ಬಾಡಿಸಿದಳು.

ಅತ್ತೆ ಬಟ್ಟಲು ಒರೆಸಿ ತಿಂದು, "ಚಿಕ್ಕವಳ ಕೈರುಚಿನೇ ರುಚಿ," ಅಂದರು.

"ನಾನಲ್ಲ ಅತ್ತೆ, ಅಕ್ಕ ಮಾಡಿದ್ದು," ಅಂದಳು ನರ್ಸಮ್ಮ.

ಅತ್ತೆಯ ಮುಖ ಅರಳಿತು. "ಹೌದಾ! ನಮ್ಮ ಹಿರಿಯಳ ಕೈ ಅಂದ್ರೆ ಕೈ."

ಇಷ್ಟು ದಿನ ಕಾದಿದ್ದು ಇದೇ ಮಾತಿಗೆ. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಟೈಲರಮ್ಮ ಎದ್ದು ಹೋಗಿ ಮಿಷನ್ ಮೇಲಿದ್ದ ಕತ್ತರಿ ತಂದು ಬಟ್ಟಲಿನ ಪಕ್ಕ ಇಟ್ಟಳು.

"ಕೈ ನಂದೇ ಅತ್ತೆ," ಅಂದಳು. "ಅವಳ ಗಿಡದ ಕುಡಿ ಕತ್ತರಿಸಿದ್ದೂ ಇದೇ ಕೈ."